ದೋಣಿವೀರ ಜಾನ್ ಕೆಲ್ಲಿ

ಫಿಲಡೆಲ್ಫಿಯಾ ಅಮೆರಿಕದ ಹಳೆಯ ನಗರಗಳಲ್ಲೊಂದು. ಸ್ಕೂಲ್‌ಕಿಲ್ ಎಂಬ ನದಿಯು ಆ ನಗರವನ್ನು ಹಾಯ್ದು ಹರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನದಿಯ ಬದಿಯ ಈಸ್ಟ್ ಫಾಲ್ಸ್ ಎಂಬ ಕೇರಿಯಲ್ಲಿ ನೇಯ್ಗೆಯ ಗಿರಣಿಗಳಿದ್ದವು. ಗಿರಣಿಗಳ ಸುತ್ತ ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಕೆಲಸಗಾರರ ಮನೆಗಳಿದ್ದವು. ಅಂತಹದೊಂದು ಮನೆಯಲ್ಲಿ ೧೮೮೯ನೆಯ ಇಸವಿ ಅಕ್ಟೋಬರ್ ೪ರಂದು ಜಾನ್ ಬ್ರೆಂಡನ್ ಕೆಲ್ಲಿಯು ಜನಿಸಿದನು. ಹತ್ತು ಮಕ್ಕಳ ಸಂಸಾರ. ತಂದೆ ಗಿರಣಿಯ ಆಳು. ಆ ಕಾಲದ ಬಡವರ ಮಕ್ಕಳಂತೆ ಈತನೂ ಎಳವೆಯಲ್ಲಿಯೇ ಶಾಲೆಯನ್ನು ಬಿಟ್ಟು ಗಿರಣಿಗೆ ಸೇರಿದನು. ಬಳಿಕ ಕಟ್ಟಡದ ಗುತ್ತಿಗೆ ಹಿಡಿಯುತ್ತಿದ್ದ ಅಣ್ಣನ ಬಳಿ ಇಟ್ಟಿಗೆ ಕಟ್ಟುವ ಕೆಲಸವನ್ನು ಕಲಿತನು. ಮುಂದೆ ಈತನು ಒಲಿಂಪಿಕ್ ಪಂದ್ಯಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದನು, ಕೋಟ್ಯಧೀಶನಾದನು, ಒಬ್ಬ ರಾಜನಿಗೆ ಮಾವನೂ ಆದನು. ಆದರೆ ಈತನ ಬಾಳಿನ ಕಥೆಯನ್ನು ಹೇಳುವವರೆಲ್ಲರೂ ಗೆಲುವುಗಳಿಗಿಂತ ಮೊದಲು ಹೇಳುವುದು, ಈತನಿಗೆ ಆಡಗೊಡದೆ ಹೋದ ಒಂದು ಪಂದ್ಯದ ಸಂಗತಿಯನ್ನು. ನಾನೂ ಅದಕ್ಕೇ ಬರುವವನಿದ್ದೇನೆ.

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಮಹನೀಯರ ಜೀವನಚರಿತ್ರೆಗಳು ಬರುವುದು ವಾಡಿಕೆ. ವಿಶ್ವೇಶ್ವರಯ್ಯನವರು, ನಮ್ಮ ಮುಳಬಾಗಿಲಿನ ಗುಂಡಪ್ಪನವರು, ಗಾಂಧೀಜಿ, ಲಿಂಕನ್ ಮೊದಲಾದವರನ್ನು ಕುರಿತು ನನಗಿಂತ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುವರು. ಅವರೆಲ್ಲರನ್ನೂ ಬಿಟ್ಟು ದೋಣಿ ನಡೆಸಿದವನೊಬ್ಬನನ್ನು ಏಕೆ ಹಿಡಿದೆಯೆಂದು ಗೆಳೆಯರು ಕೇಳಿದರು. ಕೇಳುವುದು ಸಹಜವೇ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಭೂಪಟದಲ್ಲಿ ಪಾಲಾರ್ ನದಿಯೆಂದು ನೀಲಿಗೆರೆಯನ್ನು ಎಳೆದಿದ್ದಾರೆ. ಹೋಗಿ ನೋಡಿದರೆ ಬಹುಪಾಲು ದಿನಗಳಲ್ಲಿ ಮರಳು. ಅದಕ್ಕೆ ಕಟ್ಟಿದ ಬೇತಮಂಗಲದ ಕೆರೆಯ ನೀರೇ ಚಿನ್ನದ ಗಣಿಯ ಊರಿಗೆಲ್ಲ ಕುಡಿಯಲು ಬಂದದ್ದು. ನನ್ನ ಊರಿನ ಹೆಸರಿನಲ್ಲಿಯೇ ಸಮುದ್ರವುಂಟು. ಕೆರೆಯನ್ನು ಸಮುದ್ರವೆಂದು ಕರೆದ ನಮ್ಮ ಹಿರಿಯರ ಧಾರಾಳತನಕ್ಕೆ ನಮಸ್ಕಾರ. ಕಾಮಸಮುದ್ರದಲ್ಲಿ ದೋಣಿಯ ಮಾತು ಬೇಡ, ಬೇಸಗೆಯಲ್ಲಿ ಕೊಡ ಮುಳುಗುವಷ್ಟು ನೀರು ಸಿಕ್ಕರೆ ಸಾಕು.

ಆದರೆ ನೀರಿಲ್ಲದ ಊರಿನವನು ದೋಣಿ ನಡೆಸಬಾರದೆಂಬ ನಿಯಮವೇನೂ ಇಲ್ಲವಷ್ಟೆ. ೨೦೧೮ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಲ್ವರು ಒಂದೇ ದೋಣಿಯಲ್ಲಿ ಕುಳಿತು ಚಿನ್ನದ ಪದಕವನ್ನು ತಂದರು. ಸವರ್ಣ ಸಿಂಗ್, ದತ್ತು ಭೋಕನಳ್, ಓಂ ಪ್ರಕಾಶ್, ಸುಖಮೀತ್ ಸಿಂಗ್ ಎಂಬ ಈ ನಾಲ್ವರೂ ನಮ್ಮ ಸೈನ್ಯದವರು. ಇವರಲ್ಲಿ ದತ್ತು ಭೋಕನಳ್ ನಾಸಿಕ ಜಿಲ್ಲೆಯ ಬರದ ನಾಡಿನ ಹಳ್ಳಿಯವರು. ೨೦೧೨ರಲ್ಲಿ ಸೈನ್ಯಕ್ಕೆ ಸೇರಿದ ಮೇಲೆಯೇ ದೋಣಿಯ ಪರಿಚಯವಾದದ್ದು; ನಾಲ್ಕೇ ವರ್ಷಗಳಲ್ಲಿ ಅವರು ರಿಯೊ ನಗರದ ಒಲಿಂಪಿಕ್ ಪಂದ್ಯದಲ್ಲಿದ್ದರು. ಅವರ ವಿಷಯವನ್ನು ಓದುತ್ತ ಹೋದಂತೆ ಈ ಕ್ರೀಡೆಯ ಹಿಂದಿನ ವೀರರ ಹೆಸರುಗಳು ಒಂದೊಂದಾಗಿ ದೊರೆತವು. ಆ ಸಾಲಿನಲ್ಲಿ ಇಟ್ಟಿಗೆ ಕಟ್ಟುವವನು ಎಂಬ ಮಾತು ಕಂಡಲ್ಲಿ ನಾನು ನಿಂತುಬಿಟ್ಟೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಕ್ರೀಡೆಯ ಕ್ರಮವನ್ನು ಎರಡು ಮಾತುಗಳಲ್ಲಿ ತಿಳಿಸುವುದು ಒಳ್ಳೆಯದು. ದೋಣಿಯ ಪಂದ್ಯಗಳಲ್ಲಿ ಎರಡು ಬಗೆ. ಒಬ್ಬೊಬ್ಬನೂ ಒಂದೇ ಉದ್ದನೆಯ ಹುಟ್ಟನ್ನು ಎರಡೂ ಕೈಗಳಿಂದ ಹಿಡಿದು ಎಳೆಯುವುದು ಒಂದು ಬಗೆ. ಒಬ್ಬೊಬ್ಬನೂ ಬಲಗೈಗೊಂದು ಎಡಗೈಗೊಂದು ಹೀಗೆ ಎರಡು ಹುಟ್ಟುಗಳನ್ನು ಹಿಡಿಯುವುದು ಇನ್ನೊಂದು. ಇದಕ್ಕೆ ಸ್ಕಲ್ಲಿಂಗ್ ಎನ್ನುತ್ತಾರೆ, ನಾವು ಜೋಡಿಹುಟ್ಟಿನ ಪಂದ್ಯವೆನ್ನಬಹುದು. ಇದರಲ್ಲಿಯೂ ಒಬ್ಬನೇ ಕುಳಿತ ದೋಣಿ, ಇಬ್ಬರ ದೋಣಿ, ನಾಲ್ವರ ದೋಣಿ ಎಂದು ಮೂರು ವಿಧ. ನಾಲ್ವರ ದೋಣಿಯು ಒಲಿಂಪಿಕ್ ಪಂದ್ಯಗಳಿಗೆ ಬಂದದ್ದು ೧೯೭೬ರಲ್ಲಿ. ನಮ್ಮ ಕಥಾನಾಯಕನ ಕಾಲದಲ್ಲಿ ತಂಡವೆಂದರೆ ಇಬ್ಬರ ದೋಣಿಯೇ. ಈ ದೋಣಿಗಳು ನಾವು ಚಿತ್ರಗಳಲ್ಲಿ ಕಾಣುವ ಮೀನುಗಾರರ ದೋಣಿಗಳಂತಲ್ಲ. ಉದ್ದವಾಗಿ, ಒಬ್ಬನು ಕೂರುವಷ್ಟೇ ಕಿರಿದಾಗಿ, ಕತ್ತಿಯ ಅಲಗಿನಂತಿರುತ್ತವೆ. ಹುಟ್ಟುಗಳನ್ನು ಕೈಬಿಟ್ಟರೆ ಮಗುಚಿಕೊಳ್ಳುತ್ತವೆ. ಕುಳಿತ ಮಣೆಯು ಗಾಲಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಆದುದರಿಂದ ನೋಡುವವರಿಗೆ ಕೈಯ ಕೆಲಸವಾಗಿ ಕಂಡರೂ ಅದು ನಿಜವಾಗಿ ಕಾಲು ಮತ್ತು ಬೆನ್ನಿನ ಕೆಲಸ. ಇನ್ನೂ ಒಂದು ವಿಚಿತ್ರವುಂಟು. ದೋಣಿ ನಡೆಸುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಗುರಿಯು ಅವನಿಗೆ ಕಾಣುವುದಿಲ್ಲ. ಹಿಂದೆ ಬಿದ್ದವರು ಮಾತ್ರ ಕಾಣುತ್ತಾರೆ.

ಕೆಲ್ಲಿಯು ಹಗಲು ಇಟ್ಟಿಗೆ ಕಟ್ಟುತ್ತ, ಬಿಡುವಾದಾಗ ಸ್ಕೂಲ್‌ಕಿಲ್ ನದಿಯಲ್ಲಿ ದೋಣಿ ನಡೆಸುವುದನ್ನು ಕಲಿತನು. ಆ ನದಿಯ ದಡದಲ್ಲಿ ದೋಣಿಯ ಸಂಘಗಳ ಮನೆಗಳು ಸಾಲಾಗಿ ನಿಂತಿವೆ. ಅವುಗಳಲ್ಲೊಂದಾದ ವೆಸ್ಪರ್ ಸಂಘಕ್ಕೆ ಈತನು ಸೇರಿದನು. ಆ ಸಂಘದ ಎಂಟು ಮಂದಿಯ ದೋಣಿಯು ೧೯೦೦ ಮತ್ತು ೧೯೦೪ರ ಒಲಿಂಪಿಕ್ ಪಂದ್ಯಗಳನ್ನು ಗೆದ್ದಿತ್ತು. ಕೆಲ್ಲಿ ಆರಡಿಗೆ ಮೀರಿದ ಆಳು. ಕೆಲವೇ ವರ್ಷಗಳಲ್ಲಿ ದೇಶದ ಮುಂದಾಳು ದೋಣಿಗರಲ್ಲಿ ಒಬ್ಬನಾದನು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಸಾಮಾನ್ಯ ಸಿಪಾಯಿಯಾಗಿ ಸೈನ್ಯಕ್ಕೆ ಸೇರಿ, ಫ್ರಾನ್ಸಿನಲ್ಲಿ ಸೇವೆ ಮಾಡಿ, ಲೆಫ್ಟಿನೆಂಟನಾಗಿ ಹಿಂತಿರುಗಿದನು. ಸೈನ್ಯದಲ್ಲಿ ಮುಷ್ಟಿಯುದ್ಧದಲ್ಲಿಯೂ ಹೆಸರು ಮಾಡಿದನೆಂದು ಹೇಳುತ್ತಾರೆ. ಮರಳಿದ ಮೇಲೆ ಅಣ್ಣಂದಿರಿಂದ ಸಾಲ ಪಡೆದು ಇಟ್ಟಿಗೆ ಕೆಲಸದ ತನ್ನದೇ ಗುತ್ತಿಗೆಯನ್ನು ಆರಂಭಿಸಿದನು. ೧೯೧೯ರಲ್ಲಿಯೂ ೧೯೨೦ರಲ್ಲಿಯೂ ಒಬ್ಬರ ದೋಣಿಯಲ್ಲಿ ಅಮೆರಿಕಕ್ಕೆಲ್ಲ ಆತನೇ ಮೊದಲಿಗ.

ಇಟ್ಟಿಗೆ ಕೆಲಸವೆಂದರೇನೆಂದು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ತಂದೆಯವರು ಗಾರೆ ಕೆಲಸದವರು. ಬೆಳಗಿನ ಜಾವದ ರೈಲಿಗೆ ಕಾಮಸಮುದ್ರದಿಂದ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮನೆಗೆ ಬರುತ್ತಾರೆ. ಅವರ ಚೀಲದಲ್ಲಿ ಕರಣೆ, ರಸಮಟ್ಟ, ತೂಗುಗುಂಡು, ದಾರದ ಉಂಡೆ ಇಷ್ಟೇ ಇರುವುದು. ರಜೆಯ ದಿನಗಳಲ್ಲಿ ನಾನೂ ಅವರೊಡನೆ ಹೋಗಿದ್ದೇನೆ. ದಾರವನ್ನು ಬಿಗಿದು, ಗಾರೆಯನ್ನು ಹರಡಿ, ಇಟ್ಟಿಗೆಯನ್ನಿಟ್ಟು, ಕರಣೆಯ ಹಿಡಿಯಿಂದ ಎರಡು ಸಲ ಕುಟ್ಟಿ, ಮುಂದಿನದಕ್ಕೆ ಕೈ ಚಾಚಬೇಕು. ಮೊದಲನೆಯ ಇಟ್ಟಿಗೆಗೂ ಐನೂರನೆಯ ಇಟ್ಟಿಗೆಗೂ ಕೈಯ ಅಳತೆಯಲ್ಲಿ ವ್ಯತ್ಯಾಸವಿರಬಾರದು. ಒಂದು ವರಸೆಯಲ್ಲಿ ಎಳ್ಳಷ್ಟು ತಪ್ಪಿದರೆ ಹತ್ತನೆಯ ವರಸೆಯಲ್ಲಿ ಗೋಡೆ ಹೊಟ್ಟೆಬಿಡುತ್ತದೆ. ದೋಣಿಯ ಪಂದ್ಯವೂ ಹೀಗೆಯೇ ಎಂದು ನನಗೆ ತೋರುತ್ತದೆ. ಎರಡು ಸಾವಿರ ಮೀಟರು ದೂರದ ಪಂದ್ಯದಲ್ಲಿ ಇನ್ನೂರಕ್ಕೂ ಮಿಗಿಲಾಗಿ ಹುಟ್ಟು ಹಾಕಬೇಕು; ಕೊನೆಯದು ಮೊದಲನೆಯದರಂತೆಯೇ ಇರಬೇಕು. ಕೆಲ್ಲಿಯ ಎರಡು ವಿದ್ಯೆಗಳು ನೋಡುವವರಿಗೆ ಬೇರೆ ಬೇರೆಯಾಗಿ ಕಂಡರೂ ಆತನ ಮೈಗೆ ಒಂದೇ ಆಗಿದ್ದಿರಬೇಕು.

ಈ ಹೋಲಿಕೆ ನನಗೆ ಮಾತ್ರ ಹೊಳೆದದ್ದಲ್ಲ. ಇಂಗ್ಲೆಂಡಿನ ದೊಡ್ಡ ಮನುಷ್ಯರಿಗೂ ಹೊಳೆದಿತ್ತು. ಅವರು ಅದರಿಂದ ತೆಗೆದ ತೀರ್ಮಾನ ಮಾತ್ರ ಬೇರೆಯಾಗಿತ್ತು.

ಥೇಮ್ಸ್ ನದಿಯ ದಡದಲ್ಲಿ ಹೆನ್ಲಿ ಎಂಬ ಊರುಂಟು. ಅಲ್ಲಿ ೧೮೩೯ರಿಂದ ಪ್ರತಿ ಬೇಸಗೆಯಲ್ಲಿ ದೋಣಿಯ ಪಂದ್ಯಗಳು ನಡೆಯುತ್ತವೆ. ಒಬ್ಬರ ದೋಣಿಗೆ ಅಲ್ಲಿ ಕೊಡುವ ಡೈಮಂಡ್ ಸ್ಕಲ್ಸ್ ಎಂಬ ಬಹುಮಾನವು ೧೮೪೪ರಿಂದ ಬಂದದ್ದು. ಆ ಕಾಲದಲ್ಲಿ ಅದನ್ನು ಗೆದ್ದವನಿಗೆ ಒಲಿಂಪಿಕ್ ಪದಕಕ್ಕಿಂತ ಕಡಮೆಯಲ್ಲದ ಗೌರವವಿತ್ತು. ಆದರೆ ಥೇಮ್ಸ್ ನದಿಯಲ್ಲಿ ದೋಣಿಯ ಪಂದ್ಯವನ್ನು ಮೊದಲು ಆಡಿದವರು ಈ ದೊಡ್ಡ ಮನುಷ್ಯರಲ್ಲ. ಜನರನ್ನು ದಾಟಿಸಿ ಹೊಟ್ಟೆಹೊರೆಯುತ್ತಿದ್ದ ಅಂಬಿಗರು. ಲಂಡನ್ನಿನ ಎಳೆಯ ಅಂಬಿಗರಿಗಾಗಿ ೧೭೧೫ರಲ್ಲಿ ಆರಂಭವಾದ ಡಾಗೆಟ್ಟನ ಪಂದ್ಯವು ಇಂದಿಗೂ ನಡೆಯುತ್ತಿದೆ. ಕಾಲಕ್ರಮದಲ್ಲಿ ಕಾಲೇಜುಗಳ ಯುವಕರೂ ಶ್ರೀಮಂತರೂ ಈ ಕ್ರೀಡೆಗೆ ಇಳಿದರು. ಇಳಿದ ಮೇಲೆ, ದುಡಿಯುವವರೊಡನೆ ಪಂದ್ಯವಾಡುವುದು ತಮಗೆ ಸರಿಹೋಗದೆಂದು ಕಂಡಿತು. ೧೮೭೯ರಲ್ಲಿ ಹೆನ್ಲಿಯ ಮೇಲ್ವಿಚಾರಕರು ಹವ್ಯಾಸಿ ಆಟಗಾರನೆಂದರೆ ಯಾರೆಂಬುದನ್ನು ನಿಯಮವಾಗಿ ಬರೆದಿಟ್ಟರು. ಹಣಕ್ಕಾಗಿ ಪಂದ್ಯವಾಡಿದವನು ಹವ್ಯಾಸಿಯಲ್ಲ ಎಂದರು; ಅದು ಒಪ್ಪತಕ್ಕ ಮಾತೇ. ಅಲ್ಲಿಗೆ ನಿಲ್ಲಿಸದೆ, ಕಸಬುದಾರನಾಗಿಯೋ ಕುಶಲಕರ್ಮಿಯಾಗಿಯೋ ಕೂಲಿಯಾಳಾಗಿಯೋ ಸಂಬಳಕ್ಕೆ ದುಡಿದವನೂ ಹವ್ಯಾಸಿಯಲ್ಲ ಎಂದು ಸೇರಿಸಿದರು. ಮೈಬಗ್ಗಿಸಿ ದುಡಿಯುವವನ ಮಾಂಸಖಂಡಗಳು ಬಲಿತಿರುತ್ತವೆ. ಕುಳಿತು ಬದುಕುವ ಸಭ್ಯರೊಡನೆ ಅವನನ್ನು ಬಿಡುವುದು ನ್ಯಾಯವಲ್ಲ ಎಂಬುದು ಅವರ ತರ್ಕ. ಮೂವತ್ತು ವರ್ಷ ಇಟ್ಟಿಗೆ ಹೊತ್ತದ್ದರಿಂದ ನಮ್ಮ ತಂದೆಯವರಿಗೆ ಸೊಂಟನೋವು ಬಂದಿದೆ. ಇದೊಂದು ಅನುಕೂಲವೆಂದು ಅವರಿಗೆ ಇದುವರೆಗೆ ಯಾರೂ ತಿಳಿಸಿರಲಿಲ್ಲ!

೧೯೨೦ರಲ್ಲಿ ಕೆಲ್ಲಿಯು ಹೆನ್ಲಿಗೆ ತನ್ನ ಹೆಸರನ್ನು ಕಳುಹಿಸಿದನು. ಹೊರಡುವ ಸನ್ನಾಹದಲ್ಲಿದ್ದಾಗ ಆತನ ಹೆಸರನ್ನು ಸ್ವೀಕರಿಸಲಾಗದೆಂಬ ಸುದ್ದಿ ಬಂದಿತು.

ಇಲ್ಲಿ ನ್ಯಾಯವಾಗಿ ಎರಡು ಸಂಗತಿಗಳನ್ನು ಹೇಳಬೇಕು. ಇಟ್ಟಿಗೆ ಕೆಲಸದವನೆಂಬ ಒಂದೇ ಕಾರಣದಿಂದ ಕೆಲ್ಲಿಯನ್ನು ಹೊರಗಿಟ್ಟರೆಂದು ಅಮೆರಿಕದ ಪತ್ರಿಕೆಗಳು ಸಾರಿದವು. ಲೋಕವೂ ಹಾಗೆಯೇ ನಂಬಿತು. ಆದರೆ ಹೆನ್ಲಿಯ ಕಡತದಲ್ಲಿ ಇನ್ನೊಂದು ಕಾರಣವೂ ದಾಖಲಾಗಿದೆ. ೧೯೦೫ರಲ್ಲಿ ವೆಸ್ಪರ್ ಸಂಘದ ತಂಡವೊಂದು ಹೆನ್ಲಿಗೆ ಬಂದಿತ್ತು. ಅವರ ಪ್ರಯಾಣದ ವೆಚ್ಚಕ್ಕೆ ಸಾರ್ವಜನಿಕರಿಂದ ಹಣವನ್ನು ಕೂಡಿಸಲಾಗಿತ್ತು. ಇದು ಹವ್ಯಾಸಿಗಳ ನಡತೆಗೆ ವಿರುದ್ಧವೆಂದು ಬಗೆದು, ಆ ಸಂಘದ ಯಾರನ್ನೂ ಮುಂದೆ ಸೇರಿಸಿಕೊಳ್ಳಬಾರದೆಂದು ಮೇಲ್ವಿಚಾರಕರು ೧೯೦೬ರಲ್ಲಿಯೇ ಗೊತ್ತುಮಾಡಿದ್ದರು. ಕೆಲ್ಲಿಯು ಗುಮಾಸ್ತನಾಗಿದ್ದರೂ ವೆಸ್ಪರ್ ಸಂಘದ ಹೆಸರಿನಲ್ಲಿ ಹೋಗಿದ್ದರೆ ಆತನನ್ನು ಬಿಡುತ್ತಿರಲಿಲ್ಲ. ಹೀಗಿರುವಾಗ ಇಟ್ಟಿಗೆಯ ಕಥೆಯು ಬರಿಯ ಪತ್ರಿಕೆಯವರ ಕಟ್ಟುಕಥೆಯೇ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಕಡತದಲ್ಲಿ ಕೈಕೆಲಸದ ಮಾತೂ ಇದೆ. ಬಾಗಿಲಿಗೆ ಎರಡು ಬೀಗಗಳಿದ್ದವು, ಅಷ್ಟೇ. ಮೊದಲನೆಯ ಬೀಗ ಸಂಘಕ್ಕೆ ಹಾಕಿದ್ದು, ಸಂಘವನ್ನು ಬದಲಾಯಿಸಬಹುದು. ಎರಡನೆಯದು ಮನುಷ್ಯನ ಕೈಗೆ ಹಾಕಿದ್ದು. ಕಲಿತ ಕಸಬನ್ನು ಕೈಯಿಂದ ತೊಳೆದುಕೊಳ್ಳುವುದು ಹೇಗೆ? ಆ ವೇಳೆಗೆ ಕೆಲ್ಲಿಯು ತಾನೇ ಯಜಮಾನನಾಗಿ ಇತರರಿಗೆ ಕೂಲಿ ಕೊಡುತ್ತಿದ್ದನು. ಆದರೂ ನಿಯಮವು ಹಿಂದಿನದನ್ನೂ ಎಣಿಸುತ್ತಿತ್ತು.

ಚಿನ್ನದ ಗಣಿಯ ಸುತ್ತಿನ ನಮಗೆ ಇಂತಹ ಏರ್ಪಾಡು ಹೊಸದೇನಲ್ಲ. ಆಂಗ್ಲರ ಕಾಲದಲ್ಲಿ ಸುರಂಗಕ್ಕಿಳಿಯುವವರಿಗೆ ಲೈನಿನ ಮನೆಗಳು, ಮೇಲಿನ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ನೆಲದ ಕೆಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿ ಬರುವವನ ಮೈಕಟ್ಟನ್ನು ಮೆಚ್ಚದವರಿರಲಿಲ್ಲ. ಅವನನ್ನು ಆಟಕ್ಕೆ ಕರೆಯುವ ಮಾತು ಬೇರೆ. ೨೦೦೧ರಲ್ಲಿ ಗಣಿಯೇ ಮುಚ್ಚಿತು. ಇರಲಿ, ನಮ್ಮ ನಾಯಕನ ಕಡೆಗೆ ಬರೋಣ.

ಹೆನ್ಲಿಯ ಬಾಗಿಲು ಮುಚ್ಚಿದ ವರ್ಷವೇ ಬೆಲ್ಜಿಯಂ ದೇಶದ ಆಂಟ್ವರ್ಪಿನಲ್ಲಿ ಒಲಿಂಪಿಕ್ ಕ್ರೀಡಾಕೂಟವಿತ್ತು. ಕೆಲ್ಲಿಯು ಒಬ್ಬರ ದೋಣಿಗೂ ಇಬ್ಬರ ದೋಣಿಗೂ ಹೆಸರು ಕೊಟ್ಟು ಅಲ್ಲಿಗೆ ಹೋದನು. ದೋಣಿಯ ಪಂದ್ಯಗಳು ನಡೆದದ್ದು ಬ್ರಸೆಲ್ಸ್ ಬಳಿಯ ವಿಲ್ವೋರ್ಡ್ ಎಂಬಲ್ಲಿನ ಕಾಲುವೆಯಲ್ಲಿ. ಹೆನ್ಲಿಯ ಹಸಿರು ಹುಲ್ಲುಗಾವಲು, ಬಣ್ಣದ ಕೊಡೆಗಳು ಇಲ್ಲಿರಲಿಲ್ಲ. ಕಾಲುವೆಯ ಮಗ್ಗುಲಲ್ಲಿ ಕಾರ್ಖಾನೆಗಳ ಹಳೆಯ ಗೋಡೆಗಳಿದ್ದವು. ಗಿರಣಿಯ ಕೇರಿಯಲ್ಲಿ ಹುಟ್ಟಿದವನಿಗೆ ಅದು ಪರಕೀಯವಾಗಿ ಕಾಣದಿದ್ದೀತು.

ಒಬ್ಬರ ದೋಣಿಯ ಕೊನೆಯ ಪಂದ್ಯವು ಆಗಸ್ಟ್ ೨೯ರಂದು ನಡೆಯಿತು. ಎದುರಾಳಿಯು ಇಂಗ್ಲೆಂಡಿನ ಜ್ಯಾಕ್ ಬೆರೆಸ್‌ಫರ್ಡ್. ಆ ವರ್ಷ ಹೆನ್ಲಿಯಲ್ಲಿ ಡೈಮಂಡ್ ಸ್ಕಲ್ಸನ್ನು ಗೆದ್ದು ಬಂದ ತರುಣ, ಕೆಲ್ಲಿಗಿಂತ ಒಂಬತ್ತು ವರ್ಷ ಕಿರಿಯ. ಹೀಗಾಗಿ ಹೆನ್ಲಿಯಲ್ಲಿ ನಡೆಯಬೇಕಾಗಿದ್ದ ಪಂದ್ಯವೇ ಕೆಲವು ವಾರಗಳ ಬಳಿಕ ಬೇರೊಂದು ನೀರಿನಲ್ಲಿ ನಡೆಯಿತೆನ್ನಬೇಕು. ಬೆರೆಸ್‌ಫರ್ಡನು ಮುಂದಾಗಿದ್ದನು. ಕೆಲ್ಲಿಯು ಬಿಡದೆ ಹಿಂಬಾಲಿಸಿ ಕೊನೆಯ ಭಾಗದಲ್ಲಿ ಆತನನ್ನು ದಾಟಿದನು. ಗೆದ್ದವನಿಗೆ ೭ ನಿಮಿಷ ೩೫ ಸೆಕೆಂಡು. ಸೋತವನಿಗೆ ೭ ನಿಮಿಷ ೩೬ ಸೆಕೆಂಡು. ಒಂದೇ ಒಂದು ಸೆಕೆಂಡಿನ ಅಂತರ. ಪಂದ್ಯ ಮುಗಿದಾಗ ಇಬ್ಬರಿಗೂ ಕೈಕುಲುಕುವಷ್ಟು ಶಕ್ತಿಯೂ ಉಳಿದಿರಲಿಲ್ಲವಂತೆ. ಗೆದ್ದ ಕೆಲ್ಲಿಯು ತನ್ನ ಬೆವರಿನ ಹಸಿರು ಟೋಪಿಯನ್ನು ಇಂಗ್ಲೆಂಡಿನ ದೊರೆಗೆ ಅಂಚೆಯಲ್ಲಿ ಕಳುಹಿಸಿದನೆಂಬ ಕಥೆಯೊಂದು ಪ್ರಸಿದ್ಧವಾಗಿದೆ. ಕಥೆ ಚೆನ್ನಾಗಿದೆ, ಆದರೆ ಬೆರೆಸ್‌ಫರ್ಡನ ಪಾಲಿಗೆ ಅದು ಅನ್ಯಾಯ. ನಿಯಮ ಮಾಡಿದವನು ಆತನಲ್ಲ. ಆತನು ಪೀಠೋಪಕರಣಗಳ ಉದ್ಯಮದ ಮನೆಯವನು, ಸೊಗಸಾಗಿ ದೋಣಿ ನಡೆಸಿ ಒಂದು ಸೆಕೆಂಡಿನಿಂದ ಸೋತವನು. ಒಟ್ಟು ಐದು ಒಲಿಂಪಿಕ್ ಕೂಟಗಳಲ್ಲಿ ಐದು ಪದಕಗಳನ್ನು ಪಡೆದ ಮಹಾ ದೋಣಿಗ. ಆತನ ಕೊನೆಯ ಚಿನ್ನ ೧೯೩೬ರ ಬರ್ಲಿನ್ನಿನಲ್ಲಿ, ಡಿಕ್ ಸೌತ್‌ವುಡ್ಡನೊಡನೆ ಇಬ್ಬರ ದೋಣಿಯಲ್ಲಿ ಬಂದದ್ದು.

ಎಲ್ಲ ಪುಸ್ತಕಗಳೂ ಈ ಒಂದು ಸೆಕೆಂಡಿನ ಪಂದ್ಯವನ್ನು ಬಣ್ಣಿಸಿ, ಮುಂದಿನದನ್ನು ಅರ್ಧ ವಾಕ್ಯದಲ್ಲಿ ಮುಗಿಸುತ್ತವೆ. ನನಗೆ ಮಾತ್ರ ಮುಂದಿನದೇ ಹೆಚ್ಚಿನದಾಗಿ ಕಾಣುತ್ತದೆ. ಆ ಪಂದ್ಯ ಮುಗಿದ ಸುಮಾರು ಅರ್ಧ ಗಂಟೆಗೆ ಇಬ್ಬರ ದೋಣಿಯ ಕೊನೆಯ ಪಂದ್ಯವಿತ್ತು. ಜೊತೆಗಾರನು ಪಾಲ್ ಕಾಸ್ಟೆಲ್ಲೊ, ಕೆಲ್ಲಿಯ ತಾಯಿಯ ಕಡೆಯ ನೆಂಟ. ಈಗ ತಾನೆ ಕೈ ಎತ್ತಲಾಗದೆ ಬಾಗಿ ಕುಳಿತಿದ್ದವನು ಇನ್ನೊಂದು ದೋಣಿಯನ್ನು ಹತ್ತಿದನು. ಒಬ್ಬರ ದೋಣಿಯಲ್ಲಿ ದಣಿದವನು ತನಗೆ ತಾನೇ ಸೋಲಬಹುದು. ಅದರ ನಷ್ಟ ಅವನಿಗೇ. ಇಬ್ಬರ ದೋಣಿಯಲ್ಲಿ ಹಾಗಲ್ಲ. ಇಬ್ಬರ ನಾಲ್ಕು ಹುಟ್ಟುಗಳೂ ಒಂದೇ ಕ್ಷಣದಲ್ಲಿ ನೀರಿಗಿಳಿದು ಒಂದೇ ಕ್ಷಣದಲ್ಲಿ ಮೇಲೇಳಬೇಕು. ಒಬ್ಬನು ಕೂದಲೆಳೆಯಷ್ಟು ತಡಮಾಡಿದರೆ ದೋಣಿಯು ಇನ್ನೊಬ್ಬನ ಶ್ರಮವನ್ನು ನುಂಗಿಬಿಡುತ್ತದೆ. ಹಿಂದೆ ಕುಳಿತವನು ಮುಂದೆ ಕುಳಿತವನ ಬೆನ್ನನ್ನು ನೋಡಿಯೇ ಅವನ ಲಯವನ್ನು ಹಿಡಿಯಬೇಕು. ಜೊತೆಗಾರನು ದಣಿದಿದ್ದಾನೆಂದು ಕಾಸ್ಟೆಲ್ಲೊ ಬಲ್ಲನು. ಬಲ್ಲನೆಂದು ಕೆಲ್ಲಿಯೂ ಬಲ್ಲನು. ಅವರು ೭ ನಿಮಿಷ ೯ ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿದರು. ಎರಡನೆಯವರಾಗಿ ಬಂದ ಇಟಲಿಯವರು ಹತ್ತು ಸೆಕೆಂಡು ಹಿಂದೆ. ತಾನೊಬ್ಬನೇ ಇದ್ದಾಗ ಒಂದು ಸೆಕೆಂಡಿನಿಂದ ಗೆದ್ದವನು, ಬಳಲಿಕೆ ಆರುವ ಮೊದಲೇ ಜೊತೆಯವನೊಡನೆ ಹತ್ತು ಸೆಕೆಂಡುಗಳಿಂದ ಗೆದ್ದನು. ಮೊದಲನೆಯ ಗೆಲುವಿನಲ್ಲಿ ಹೆನ್ಲಿಯ ಮೇಲಿನ ಸಿಟ್ಟು ಇದ್ದಿರಬಹುದು. ಎರಡನೆಯದು ಸಿಟ್ಟಿನಿಂದ ಆಗುವ ಕೆಲಸವಲ್ಲ.

ನಾಲ್ಕು ವರ್ಷಗಳ ಬಳಿಕ, ೧೯೨೪ರಲ್ಲಿ, ಪ್ಯಾರಿಸ್ಸಿನ ಕೂಟ. ಕೆಲ್ಲಿಗೆ ಆಗ ಮೂವತ್ತನಾಲ್ಕು ವರ್ಷ. ಒಬ್ಬರ ದೋಣಿಯನ್ನು ಬಿಟ್ಟುಕೊಟ್ಟು ಕಾಸ್ಟೆಲ್ಲೊವಿನೊಡನೆ ಇಬ್ಬರ ದೋಣಿಯಲ್ಲಿ ಮಾತ್ರ ಇಳಿದನು. ಸೀನ್ ನದಿಯಲ್ಲಿ ಫ್ರಾನ್ಸಿನವರನ್ನು ಹಿಂದಿಕ್ಕಿ ಮತ್ತೆ ಚಿನ್ನವನ್ನು ಪಡೆದರು. ಅದೇ ಕೂಟದಲ್ಲಿ ಒಬ್ಬರ ದೋಣಿಯ ಚಿನ್ನವು ಬೆರೆಸ್‌ಫರ್ಡನಿಗೆ ದೊರೆಯಿತು. ಕೆಲ್ಲಿಯು ನಿವೃತ್ತನಾದ ಮೇಲೂ ಕಾಸ್ಟೆಲ್ಲೊ ನಿಲ್ಲಲಿಲ್ಲ. ೧೯೨೮ರ ಆಮ್‌ಸ್ಟರ್‌ಡಾಮಿನಲ್ಲಿ ಚಾರ್ಲ್ಸ್ ಮೆಕಿಲ್ವೇನ್ ಎಂಬುವನೊಡನೆ ಮೂರನೆಯ ಸಲವೂ ಗೆದ್ದನು. ಒಂದೇ ಪಂದ್ಯವನ್ನು ಮೂರು ಕೂಟಗಳಲ್ಲಿ ಸತತವಾಗಿ ಗೆದ್ದ ಈ ಕಾಸ್ಟೆಲ್ಲೊವಿನ ಹೆಸರನ್ನು ಇಂದು ಎಷ್ಟು ಜನ ಬಲ್ಲರು? ಜೊತೆಗಾರರಿಗೆ ಬರುವ ಕೀರ್ತಿಯು ಸಾಮಾನ್ಯವಾಗಿ ಹೀಗೆಯೇ.

ಕೆಲ್ಲಿಯ ಮಿಕ್ಕ ಜೀವನವನ್ನು ಬೇಗನೆ ಹೇಳಬಹುದು. ಆತನ ಇಟ್ಟಿಗೆಯ ಉದ್ಯಮವು ದೇಶದ ದೊಡ್ಡ ಉದ್ಯಮಗಳಲ್ಲಿ ಒಂದಾಯಿತು. ಅಣ್ಣಂದಿರಲ್ಲಿ ವಾಲ್ಟರನು ರಂಗಭೂಮಿಯ ಹೆಸರಾಂತ ವಿನೋದಗಾರನಾಗಿದ್ದನು; ಜಾರ್ಜನು ನಾಟಕಕಾರನಾಗಿ ೧೯೨೬ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆದನು. ಗಿರಣಿಯ ಆಳಿನ ಒಂದೇ ಮನೆಯಿಂದ ಇಷ್ಟು ಜನ! ೧೯೩೫ರಲ್ಲಿ ಕೆಲ್ಲಿಯು ಫಿಲಡೆಲ್ಫಿಯಾದ ಮೇಯರ್ ಪದವಿಗೆ ಡೆಮೊಕ್ರಾಟಿಕ್ ಪಕ್ಷದಿಂದ ನಿಂತನು. ದಶಕಗಳಿಂದ ರಿಪಬ್ಲಿಕನ್ ಪಕ್ಷದ ಕೈಯಲ್ಲಿದ್ದ ನಗರವದು. ಗೆಲ್ಲಲಿಲ್ಲ, ಆದರೆ ಗೆಲುವಿನ ಹತ್ತಿರಕ್ಕೆ ಬಂದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಸ್‌ವೆಲ್ಟರ ಸರ್ಕಾರವು ಜನರ ದೇಹಾರೋಗ್ಯವನ್ನು ಬೆಳೆಸುವ ಕಾರ್ಯದ ಮುಖಂಡತ್ವವನ್ನು ಈತನಿಗೆ ವಹಿಸಿತು.

೧೯೨೪ರಲ್ಲಿಯೇ ಮಾರ್ಗರೆಟ್ ಮೇಯರ್ ಎಂಬಾಕೆಯೊಡನೆ ವಿವಾಹವಾಗಿತ್ತು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ. ಮಗನು ಹುಟ್ಟಿದ್ದು ೧೯೨೭ರಲ್ಲಿ. ಅವನಿಗೆ ತನ್ನ ಹೆಸರನ್ನೇ ಇಟ್ಟನು. ಹೆಸರಿನೊಡನೆ ತನ್ನ ಪಂದ್ಯವನ್ನೂ ಇಟ್ಟನು. ಕಿರಿಯ ಜಾನ್ ಕೆಲ್ಲಿಯು ಬಾಲ್ಯದಿಂದಲೇ ಸ್ಕೂಲ್‌ಕಿಲ್ ನದಿಯಲ್ಲಿ ತಂದೆಯ ಕಣ್ಣೆದುರಿನಲ್ಲಿ ದೋಣಿ ನಡೆಸಿ ಬೆಳೆದನು. ಗುರಿಯು ಹೆನ್ಲಿ ಎಂಬುದರಲ್ಲಿ ಮನೆಯವರಿಗೆ ಯಾರಿಗೂ ಸಂಶಯವಿರಲಿಲ್ಲ.

ಈ ನಡುವೆ ಹೆನ್ಲಿಯ ನಿಯಮಕ್ಕೇ ಅಂತ್ಯ ಬಂದಿತ್ತು. ೧೯೩೬ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕೂಟಕ್ಕೆ ಹೊರಟ ಆಸ್ಟ್ರೇಲಿಯದ ಎಂಟು ಮಂದಿಯ ತಂಡವನ್ನು, ಅವರು ಪೊಲೀಸಿನವರೆಂಬ ಕಾರಣದಿಂದ, ಹೆನ್ಲಿಯವರು ಹೊರಗಿಟ್ಟರು. ಸಾಮ್ರಾಜ್ಯದವರನ್ನೇ ಹೀಗೆ ಮಾಡಿದ್ದರಿಂದ ದೊಡ್ಡ ಗದ್ದಲವಾಯಿತು. ಮರುವರ್ಷ ೧೯೩೭ರಲ್ಲಿ ಕೈಕೆಲಸದವರನ್ನು ಕುರಿತ ಮಾತನ್ನು ನಿಯಮದಿಂದ ಕಿತ್ತುಹಾಕಿದರು. ಅಮೆರಿಕದ ಚಿನ್ನದ ಪದಕಗಳು ಮಾಡಲಾರದ್ದನ್ನು ಆಸ್ಟ್ರೇಲಿಯದ ಪೊಲೀಸಿನವರು ಮಾಡಿದರು.

ಮಗನು ೧೯೪೬ರಲ್ಲಿ ಹೆನ್ಲಿಗೆ ಹೋಗಿ ಕೊನೆಯ ಪಂದ್ಯದಲ್ಲಿ ಫ್ರಾನ್ಸಿನವನಿಗೆ ಸೋತನು. ೧೯೪೭ರಲ್ಲಿ ಮತ್ತೆ ಹೋಗಿ ಡೈಮಂಡ್ ಸ್ಕಲ್ಸನ್ನು ಗೆದ್ದನು. ೧೯೪೯ರಲ್ಲಿ ಇನ್ನೊಮ್ಮೆ ಗೆದ್ದನು. ತಂದೆಗೆ ಮುಚ್ಚಿದ ಬಾಗಿಲಿನಿಂದ ಮಗನು ಎರಡು ಸಲ ಬಹುಮಾನವನ್ನು ಹೊತ್ತು ಬಂದನು. ಪತ್ರಿಕೆಗಳಿಗೆ ಇದಕ್ಕಿಂತ ಸೊಗಸಾದ ಸಮಾಪ್ತಿ ಬೇಕೆ? ಇಪ್ಪತ್ತೇಳು ವರ್ಷಗಳ ಹಿಂದಿನ ಅವಮಾನಕ್ಕೆ ಪ್ರಾಯಶ್ಚಿತ್ತವಾಯಿತೆಂದು ಬರೆದರು.

ನನ್ನ ಮನಸ್ಸು ಮಾತ್ರ ಇಲ್ಲಿ ಸುಲಭವಾಗಿ ಸಂತೋಷಪಡದು. ೧೯೪೬ರಲ್ಲಿ ಸೋತು ದೋಣಿಯಲ್ಲಿ ಕುಳಿತಿದ್ದ ಆ ಹತ್ತೊಂಬತ್ತು ವರ್ಷದ ಹುಡುಗನನ್ನು ನೆನೆಯುತ್ತೇನೆ. ಅವನು ಸೋತದ್ದು ತನ್ನ ಪಂದ್ಯವನ್ನೇ, ತಂದೆಯ ಪಂದ್ಯವನ್ನೇ? ತಾನು ಹುಟ್ಟುವುದಕ್ಕೆ ಏಳು ವರ್ಷ ಮೊದಲು ನಡೆದುಹೋದ ಸಂಗತಿಗೆ ಅವನು ಲೆಕ್ಕ ಒಪ್ಪಿಸಬೇಕಾಗಿತ್ತು. ಅವನಿಗೆ ಬೇರೆ ಆಟದಲ್ಲಿ ಪ್ರೀತಿಯಿತ್ತೋ, ಆಟವೇ ಬೇಡವಾಗಿತ್ತೋ ಕೇಳಿದವರಾರು? ಮುಂದೆ ಅವನು ೧೯೫೬ರ ಮೆಲ್ಬೋರ್ನಿನಲ್ಲಿ ಒಬ್ಬರ ದೋಣಿಯಲ್ಲಿ ಕಂಚಿನ ಪದಕವನ್ನು ಪಡೆದನು. ಯಾವ ದೇಶದಲ್ಲಿಯೂ ಅದು ಹೆಮ್ಮೆಯ ಸಾಧನೆ. ಆದರೆ ಮೂರು ಚಿನ್ನಗಳಿದ್ದ ಮನೆಯಲ್ಲಿ ಕಂಚನ್ನು ಎಲ್ಲಿ ಇಡುವುದು?

ಇದನ್ನು ನಾನು ಹೊರಗಿನವನಾಗಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆಯವರು ಕಾಲೇಜುಗಳ ಗೋಡೆಗಳನ್ನು ಕಟ್ಟಿದ್ದಾರೆ, ಒಳಗೆ ಕುಳಿತವರಲ್ಲ. ನಾನು ಪದವಿಯ ನಿಲುವಂಗಿಯನ್ನು ತೊಟ್ಟು ತೆಗೆಸಿಕೊಳ್ಳುವ ಭಾವಚಿತ್ರಕ್ಕೆ ಗೋಡೆಯಲ್ಲಿ ಜಾಗವನ್ನು ಈಗಾಗಲೇ ಗೊತ್ತುಮಾಡಿ ಮೊಳೆ ಹೊಡೆದಿದ್ದಾರೆ. ಪರೀಕ್ಷೆ ಹತ್ತಿರವಾದಂತೆ ಆ ಬರಿಯ ಮೊಳೆಯನ್ನು ನೋಡಿದಾಗ ಒಮ್ಮೆ ಧೈರ್ಯ ಬರುತ್ತದೆ, ಒಮ್ಮೆ ಭಯವಾಗುತ್ತದೆ. ಕೆಲ್ಲಿಯಂತಹ ತಂದೆಯನ್ನು ದೂರುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ತನಗೆ ಸಿಕ್ಕದ್ದು ಮಗನಿಗೆ ಸಿಗಲೆಂದು ಬಯಸದ ತಂದೆ 'ನನಗಾದದ್ದು ನಿನಗೂ ಆಗಲಿ' ಎನ್ನುವುದಿಲ್ಲವಷ್ಟೆ. ಆದರೆ ಹುಟ್ಟು ಹಿಡಿಯುವ ಕೈ ಮಗನದು. ಅದು ಎಷ್ಟು ಹೊರಬಲ್ಲದೆಂಬ ಲೆಕ್ಕವನ್ನು ತಂದೆಗಿಂತ ಮಗನು ಬಲ್ಲನು.

ಹೆಣ್ಣುಮಕ್ಕಳಲ್ಲಿ ನಡುವಿನವಳು ಗ್ರೇಸ್ ಕೆಲ್ಲಿ. ಈಕೆಗೆ ತಂದೆಯು ಯಾವ ಪಂದ್ಯವನ್ನೂ ಒಪ್ಪಿಸಿರಲಿಲ್ಲ. ತಾನಾಗಿಯೇ ಚಲನಚಿತ್ರಕ್ಕೆ ಹೋಗಿ ಲೋಕಪ್ರಸಿದ್ಧಳಾಗಿ, ೧೯೫೬ರಲ್ಲಿ ಮೊನಾಕೊ ಸಂಸ್ಥಾನದ ರಾಜ ಮೂರನೆಯ ರೇನಿಯೆಯನ್ನು ಮದುವೆಯಾದಳು. ಇಂದು ಕೆಲ್ಲಿಯ ಹೆಸರನ್ನು ಬಲ್ಲವರಲ್ಲಿ ಹೆಚ್ಚಿನವರು ಈಕೆಯ ತಂದೆಯೆಂದೇ ಬಲ್ಲರು. ವಿಧಿಯ ವಿನೋದವನ್ನು ನೋಡಿರಿ. ೧೯೮೧ರಲ್ಲಿ ಹೆನ್ಲಿಯ ಮೇಲ್ವಿಚಾರಕರು ಬಹುಮಾನಗಳನ್ನು ಹಂಚಲು ಈಕೆಯನ್ನು ಆಹ್ವಾನಿಸಿದರು. ಮರುವರ್ಷ ಈಕೆ ಅಪಘಾತದಲ್ಲಿ ತೀರಿಕೊಂಡಳು. ಅದೇ ಹೆನ್ಲಿಯಲ್ಲಿ ಈಗ ಮಹಿಳೆಯರ ನಾಲ್ವರ ಜೋಡಿಹುಟ್ಟಿನ ದೋಣಿಗೆ ಕೊಡುವ ಬಟ್ಟಲಿಗೆ ಪ್ರಿನ್ಸೆಸ್ ಗ್ರೇಸ್ ಎಂದು ಹೆಸರು. ಇಟ್ಟಿಗೆ ಕೆಲಸದವನಿಗೆ ಸಿಕ್ಕದ ಪ್ರವೇಶವು ಅವನ ಮಗಳ ಹೆಸರಿಗೆ ಪ್ರತಿವರ್ಷವೂ ಸಿಗುತ್ತಿದೆ.

ಕೆಲ್ಲಿಯು ೧೯೬೦ನೆಯ ಇಸವಿ ಜೂನ್ ೨೦ರಂದು ಫಿಲಡೆಲ್ಫಿಯಾದಲ್ಲಿ ಎಪ್ಪತ್ತನೆಯ ವಯಸ್ಸಿನಲ್ಲಿ ನಿಧನನಾದನು. ಆತನು ಬರೆದಿಟ್ಟ ಮರಣಪತ್ರವು, ವಕೀಲರ ಭಾಷೆಯನ್ನು ಬಿಟ್ಟು ಮನೆಮಾತಿನಂತೆ ಹಾಸ್ಯದಿಂದ ಬರೆದದ್ದರಿಂದ, ಅಮೆರಿಕದಲ್ಲಿ ಪ್ರಸಿದ್ಧವಾಗಿದೆ. ಸ್ಕೂಲ್‌ಕಿಲ್ ನದಿಯ ದಡದಲ್ಲಿ ಪಂದ್ಯಗಳು ಮುಗಿಯುವ ಸ್ಥಳದ ಬಳಿ ಆತನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ನಿಂತ ಪ್ರತಿಮೆಯಲ್ಲ, ದೋಣಿಯಲ್ಲಿ ಕುಳಿತು ಹುಟ್ಟುಗಳನ್ನು ಹಿಡಿದದ್ದು. ಮಗನು ೧೯೮೫ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾದನು. ಪದವಿಗೆ ಬಂದ ಕೆಲವೇ ವಾರಗಳಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ, ಎಂದಿನಂತೆ ದೋಣಿ ನಡೆಸಿ ಹೋಗುತ್ತಿದ್ದಾಗ ದಾರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಪ್ರತಿಮೆಯ ಪಕ್ಕದಲ್ಲಿ ನದಿಯುದ್ದಕ್ಕೂ ಹೋಗುವ ರಸ್ತೆಗೆ ಅದೇ ವರ್ಷ ಕೆಲ್ಲಿ ರಸ್ತೆಯೆಂದು ಹೆಸರಿಟ್ಟರು. ಪ್ರತಿಮೆಯು ತಂದೆಯದು, ರಸ್ತೆಯ ಹೆಸರು ಮಗನದು.